ಬೆಂಗಳೂರಿನ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ

ಒಂದು ನಗರದಲ್ಲಿ ವಾಸವಾಗಿರುವವರ ಪೈಕಿ ವರ್ಷಕ್ಕೆ ಎಷ್ಟು ಜನರಿಗೆ, ಯಾವ ವಯಸ್ಸಿನಲ್ಲಿ, ಯಾವ ಅಂಗದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಗುತ್ತದೆ ಎಂಬುದನ್ನು ಒಬ್ಬರನ್ನೂ ಬಿಡದೆ, ಒಬ್ಬರನ್ನೂ ಎರಡು ಸಲ ಎಣಿಸದೆ ದಾಖಲಿಸುವ ವ್ಯವಸ್ಥೆಗೆ ಜನಸಂಖ್ಯಾಧಾರಿತ ನೋಂದಣಿ ಎನ್ನುತ್ತಾರೆ. ಬೆಂಗಳೂರಿನಲ್ಲಿ ಈ ಕೆಲಸ 1982ರ ಜನವರಿ 1ರಿಂದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ನಡೆದುಬಂದಿದೆ. ಆಸ್ಪತ್ರೆಯ ದಾಖಲೆ ಪುಸ್ತಕವಿದ್ದ ಮೇಲೆ ಇನ್ನೊಂದು ನೋಂದಣಿ ಯಾಕೆ ಎನ್ನಿಸಬಹುದು. ಕಿದ್ವಾಯಿಗೆ ರಾಯಚೂರಿನವರೂ ಬರುತ್ತಾರೆ, ಗಡಿಯಾಚೆಯ ಅನಂತಪುರದವರೂ ಬರುತ್ತಾರೆ. ಜಯನಗರದ ರೋಗಿ ಖಾಸಗಿ ನರ್ಸಿಂಗ್ ಹೋಮಿಗೆ ಹೋಗಿರುತ್ತಾನೆ. ಆಸ್ಪತ್ರೆಯ ಲೆಕ್ಕದಿಂದ ಆಸ್ಪತ್ರೆಯ ಹೊರೆ ತಿಳಿಯುತ್ತದೆ, ಊರಿನ ಹೊರೆ ತಿಳಿಯುವುದಿಲ್ಲ.

ಇಂಥ ಪ್ರಯತ್ನದ ಮೂಲ ಜರ್ಮನಿಯ ಹ್ಯಾಂಬರ್ಗ್ ನಗರ. 1926ರಲ್ಲಿ ಅಲ್ಲಿ ಮೂವರು ದಾದಿಯರು ಆಸ್ಪತ್ರೆಗಳಿಗೂ ವೈದ್ಯರಲ್ಲಿಗೂ ನಿಯಮಿತವಾಗಿ ಹೋಗಿ ಹೊಸ ರೋಗಿಗಳ ಹೆಸರು ಬರೆದುಕೊಂಡು ಬರುತ್ತಿದ್ದರು. ಆ ಕಾರ್ಡುಗಳನ್ನು ವಾರಕ್ಕೊಮ್ಮೆ ಮರಣ ಪ್ರಮಾಣಪತ್ರಗಳ ಜೊತೆ ತಾಳೆ ನೋಡುತ್ತಿದ್ದರು. ಹೋಗಿ ತರುವುದು, ಸಾವಿನ ದಾಖಲೆಯೊಡನೆ ತಾಳೆ ಹಾಕುವುದು: ಇವತ್ತಿನ ನೋಂದಣಿಯೂ ಈ ಎರಡು ಕಾಲುಗಳ ಮೇಲೆಯೇ ನಿಂತಿದೆ. ಭಾರತದಲ್ಲಿ ಮೊದಲಿನದು ಮುಂಬಯಿಯದು. ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಆಶ್ರಯದಲ್ಲಿ ಡಾ. ಡಿ.ಜೆ. ಜಸ್ಸಾವಾಲಾ 1963ರಲ್ಲಿ ಅದನ್ನು ಆರಂಭಿಸಿದರು. ನಗರದ ಇತರ ಸಮುದಾಯಗಳಿಗಿಂತ ಪಾರ್ಸಿ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚು ಎಂಬುದು ಅಂಕಿಸಂಖ್ಯೆಯಾಗಿ ಸಿಕ್ಕಿದ್ದು ಅಲ್ಲಿಂದ.

ಆಮೇಲೆ ಬಹುಕಾಲ ದೇಶದ ಉಳಿದ ಭಾಗದ ಚಿತ್ರ ಮಸುಕಾಗಿಯೇ ಇತ್ತು. 1981ರ ಡಿಸೆಂಬರಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಕೈಗೆತ್ತಿಕೊಂಡಿತು. ಜನಸಂಖ್ಯಾಧಾರಿತ ನೋಂದಣಿಗೆ ಬೆಂಗಳೂರು, ಮದ್ರಾಸು, ಮೊದಲೇ ಇದ್ದ ಮುಂಬಯಿ; ಆಸ್ಪತ್ರೆ ಆಧಾರಿತ ನೋಂದಣಿಗೆ ಚಂಡೀಗಢ, ದಿಬ್ರುಗಢ, ತಿರುವನಂತಪುರ ಆಯ್ಕೆಯಾದವು. 1973ರಲ್ಲಿ ಆರಂಭವಾಗಿದ್ದ ಕಿದ್ವಾಯಿಗೆ ಆಗಿನ್ನೂ ಎಳೆಯ ವಯಸ್ಸು. ಕಾಲ ಮಾತ್ರ ಅನುಕೂಲವಾಗಿ ಒದಗಿತು. 1981ರ ಜನಗಣತಿ ಆಗತಾನೇ ಮುಗಿದಿತ್ತು. ಹತ್ತೇ ವರ್ಷದಲ್ಲಿ ಮುಕ್ಕಾಲು ಪಾಲಿನಷ್ಟು ಬೆಳೆದು ಸುಮಾರು 29 ಲಕ್ಷ ಮುಟ್ಟಿದ್ದ ನಗರದ ಜನಸಂಖ್ಯೆ ವಯಸ್ಸುವಾರು ಸಿಗುವಂತಿತ್ತು. ರೋಗಿಗಳ ಸಂಖ್ಯೆಯನ್ನು ಯಾವುದರಿಂದ ಭಾಗಿಸಬೇಕು ಎಂಬುದು ಗೊತ್ತಿಲ್ಲದಿದ್ದರೆ ನೋಂದಣಿ ಬರೀ ಪಟ್ಟಿಯಾಗುತ್ತದೆ.

ಕ್ಯಾನ್ಸರ್ ಪತ್ತೆಯಾದರೆ ಕಡ್ಡಾಯವಾಗಿ ವರದಿ ಮಾಡಬೇಕೆಂಬ ಕಾನೂನು ಆಗ ಇರಲಿಲ್ಲ. ಕರ್ನಾಟಕ ಕ್ಯಾನ್ಸರನ್ನು ಅಧಿಸೂಚಿತ ರೋಗಗಳ ಸಾಲಿಗೆ ಸೇರಿಸಿದ್ದು ಬಹಳ ತಡವಾಗಿ. ಆದ್ದರಿಂದ ಮಾಹಿತಿ ತಾನಾಗಿ ಬರಲಿ ಎಂದು ಕಾಯುವಂತಿರಲಿಲ್ಲ; ನೋಂದಣಿಯ ಸಿಬ್ಬಂದಿಯೇ ಸರ್ಕಾರಿ ಆಸ್ಪತ್ರೆ, ನರ್ಸಿಂಗ್ ಹೋಮ್, ರೋಗಶಾಸ್ತ್ರ ಪ್ರಯೋಗಾಲಯಗಳನ್ನು ಸುತ್ತಬೇಕಾಯಿತು. ಬಯಾಪ್ಸಿ ವರದಿಯ ಪುಸ್ತಕ, ಒಳರೋಗಿ ಕಡತ, ವಿಕಿರಣ ಚಿಕಿತ್ಸೆಯ ದಾಖಲೆಗಳನ್ನು ತಿರುವಿ ಹಾಕುವುದು, ಸಿಕ್ಕಲ್ಲಿ ರೋಗಿಯನ್ನೇ ಮಾತಾಡಿಸಿ ನಮೂನೆ ತುಂಬುವುದು ಅವರ ಕೆಲಸ. ಯಾವ ಕಾಯಿದೆಯ ಬಲವೂ ಇಲ್ಲದೆ, ಖಾಸಗಿ ವೈದ್ಯರ ಸೌಜನ್ಯವನ್ನೇ ನಂಬಿಕೊಂಡು ಇದು ನಡೆಯಿತು ಎಂಬುದನ್ನು ಇತಿಹಾಸ ಬರೆಯುವವರು ಸಾಕಷ್ಟು ಗಮನಿಸಿಲ್ಲ.

ನಿಜವಾದ ಕಗ್ಗಂಟು ವಿಳಾಸದ್ದು. ನಿಯಮದ ಪ್ರಕಾರ ಕನಿಷ್ಠ ಒಂದು ವರ್ಷ ನಗರದಲ್ಲಿ ವಾಸವಿದ್ದವರನ್ನು ಮಾತ್ರ ನಗರದ ಲೆಕ್ಕಕ್ಕೆ ಸೇರಿಸಬೇಕು. ಊರಿನಿಂದ ಬಂದು ಅಕ್ಕನ ಮನೆಯಲ್ಲೋ ಮಗನ ಮನೆಯಲ್ಲೋ ಉಳಿದುಕೊಂಡು ಚಿಕಿತ್ಸೆ ಪಡೆಯುವವರು ಆಸ್ಪತ್ರೆಯ ಚೀಟಿಯಲ್ಲಿ ಬರೆಸುವುದು ಆ ಮನೆಯ ಕ್ರಾಸು, ಮೇನುಗಳನ್ನೇ. ಕೇಳದೆ ಬರೆದುಕೊಂಡರೆ ಬೆಂಗಳೂರಿನ ದರ ಸುಳ್ಳು ಸುಳ್ಳೇ ಏರುತ್ತದೆ. ಹೆಸರಿನದು ಇನ್ನೊಂದು ಪಾಡು. ಒಬ್ಬ ಲಕ್ಷ್ಮಮ್ಮ ಪ್ರಯೋಗಾಲಯದಲ್ಲಿ ಒಂದು ಕಾಗುಣಿತದಲ್ಲಿ, ಆಸ್ಪತ್ರೆಯಲ್ಲಿ ಇನ್ನೊಂದು ಕಾಗುಣಿತದಲ್ಲಿ, ಮರಣ ದಾಖಲೆಯಲ್ಲಿ ಗಂಡನ ಹೆಸರಿನ ಜೊತೆ ಕಾಣಿಸಿಕೊಳ್ಳಬಹುದು. ಅದೇ ಬಡಾವಣೆಯಲ್ಲಿ ಅದೇ ವಯಸ್ಸಿನ ಬೇರೊಬ್ಬ ಲಕ್ಷ್ಮಮ್ಮನೂ ಇರಬಹುದು. ವಯಸ್ಸು, ವಿಳಾಸ, ರೋಗದ ಅಂಗ ಎಲ್ಲವನ್ನೂ ಜೋಡಿಸಿ ನೋಡಿದ ಮೇಲೆಯೇ ಇಬ್ಬರೋ ಒಬ್ಬರೋ ಎಂದು ತೀರ್ಮಾನ.

ನಗರದ ಜನನ ಮರಣ ನೋಂದಣಿ ಕಚೇರಿಗಳ ದಾಖಲೆಗಳನ್ನೂ ಜಾಲಾಡುತ್ತಾರೆ. ಸಾವಿನ ಕಾರಣ ಕ್ಯಾನ್ಸರ್ ಎಂದಿದ್ದು, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಎಲ್ಲೋ ಒಂದು ಪ್ರಕರಣ ತಪ್ಪಿಹೋಗಿದೆ ಎಂದರ್ಥ. ಆಗ ಹಿಂದೆ ಹಿಂದೆ ಹೋಗಿ ಮೂಲ ಹುಡುಕಬೇಕು. ಮನೆಯಲ್ಲಿ ತೀರಿಕೊಂಡವರ ಸಾವಿಗೆ ವಯಸ್ಸಾಗಿತ್ತು ಎಂದೋ ಹೃದಯ ನಿಂತಿತು ಎಂದೋ ಬರೆಸಿ ಮುಗಿಸುವ ರೂಢಿಯಿಂದಾಗಿ ಈ ಜರಡಿಯ ಕಣ್ಣು ದೊಡ್ಡದು. ವರದಿಗಳು ವರ್ಷಗಟ್ಟಲೆ ತಡವಾಗಿ ಬರುತ್ತವೆ ಎಂಬ ದೂರು ಹಳೆಯದು. ಆದರೆ ಈ ಹುಡುಕಾಟ ಮುಗಿಯದೆ ಪ್ರಕಟಿಸಿದರೆ ಅಂಕಿಗೆ ಬೆಲೆಯಿಲ್ಲ.

ಹೀಗೆ ಕೂಡಿಸಿದ ದಾಖಲೆಯಿಂದ ಸಂಶೋಧನೆಯೂ ಹುಟ್ಟಿತು. ನೋಂದಣಿಯ ಹೊಣೆ ಹೊತ್ತಿದ್ದ, ಮುಂದೆ ರಾಷ್ಟ್ರೀಯ ಕಾರ್ಯಕ್ರಮದ ಚುಕ್ಕಾಣಿ ಹಿಡಿದ ಡಾ. ಎ. ನಂದಕುಮಾರ್ ಮತ್ತು ಸಂಗಡಿಗರು 1990ರಲ್ಲಿ ಬಾಯಿ ಕ್ಯಾನ್ಸರಿನ ಅಧ್ಯಯನ ಪ್ರಕಟಿಸಿದರು. ನೋಂದಾಯಿತ ರೋಗಿಗಳನ್ನು ಅದೇ ನಗರದ ಕ್ಯಾನ್ಸರಿಲ್ಲದವರ ಜೊತೆ ಹೋಲಿಸಿದಾಗ, ಹೊಗೆಸೊಪ್ಪು ಜಗಿಯುವವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಅಪಾಯ ಬಹಳ ಹೆಚ್ಚಿತ್ತು. ರಾಗಿ ಮುಖ್ಯ ಆಹಾರವಾಗಿದ್ದವರಲ್ಲಿ ಕಡಿಮೆಯಿತ್ತು. ರಾಗಿಯೇ ಕಾಪಾಡಿತೋ, ರಾಗಿ ಉಣ್ಣುವವರ ಬದುಕಿನ ಬೇರೇನಾದರೂ ಕಾಪಾಡಿತೋ ಎಂಬುದನ್ನು ಇಂಥ ಒಂದು ಅಧ್ಯಯನ ಹೇಳಲಾರದು.

ಇದಕ್ಕಿಂತ ತೂಕದ್ದು 1995ರಲ್ಲಿ ಬಂದ ಬದುಕುಳಿವಿನ ಲೆಕ್ಕ. ಆಸ್ಪತ್ರೆಗಳ ಲೆಕ್ಕದಲ್ಲಿ ಮತ್ತೆ ಬಾರದ ರೋಗಿ ಏನಾದನೆಂಬುದೇ ತಿಳಿಯುವುದಿಲ್ಲ. ಇಲ್ಲಿ ಹಾಗೆ ಬಿಡದೆ ಮನೆ ಮನೆಗೆ ಹೋಗಿ ವಿಚಾರಿಸಿದರು. 1982ರಿಂದ 1989ರವರೆಗೆ ನೋಂದಾಯಿತರಾದ ಗರ್ಭಕಂಠದ ಕ್ಯಾನ್ಸರ್ ರೋಗಿಗಳಲ್ಲಿ ಐದು ವರ್ಷ ಬದುಕಿದ್ದವರು ಸುಮಾರು ಮೂರನೇ ಒಂದು ಭಾಗ. ಸ್ತನ ಕ್ಯಾನ್ಸರಿನಲ್ಲೂ ಅರ್ಧಕ್ಕಿಂತ ಕಡಿಮೆ. ತಡವಾಗಿ ಬರುವುದರ ಬೆಲೆ ಎಷ್ಟೆಂದು ಇಡೀ ನಗರದ ಮಟ್ಟದಲ್ಲಿ ಗೊತ್ತಾದದ್ದು ಆಗ.

ದಶಕಗಳುದ್ದಕ್ಕೂ ಒಂದೇ ಅಳತೆಗೋಲು ಹಿಡಿದದ್ದರಿಂದ ಇನ್ನೊಂದು ಸಂಗತಿ ಕಾಣಿಸಿತು. 1980ರ ದಶಕದಲ್ಲಿ ಬೆಂಗಳೂರಿನ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಮೊದಲ ಸ್ಥಾನದಲ್ಲಿತ್ತು. ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಗಿ ಸ್ತನ ಕ್ಯಾನ್ಸರ್ ಮೇಲೇರಿತು. ನಗರವ್ಯಾಪಿ ತಪಾಸಣೆಯೂ ಲಸಿಕೆಯೂ ಇಲ್ಲದೆಯೇ ಆದ ಇಳಿಕೆ ಇದು. ತಡವಾದ ಮದುವೆ, ಕಡಿಮೆಯಾದ ಹೆರಿಗೆಗಳು, ನೀರು ಶೌಚಾಲಯಗಳ ಸುಧಾರಣೆ ಎಂದು ಕಾರಣಗಳನ್ನು ಊಹಿಸುತ್ತಾರೆ.

ಉಳಿದ ಕಡೆಗಳಿಗೂ ಜಾಲ ಹಬ್ಬಿತು: ವಿಷಾನಿಲ ದುರಂತದ ಪರಿಣಾಮ ತಿಳಿಯಲು 1986ರಲ್ಲಿ ಭೋಪಾಲ್, ಮರುವರ್ಷ ಗ್ರಾಮೀಣ ಪ್ರದೇಶಕ್ಕೆಂದು ಮಹಾರಾಷ್ಟ್ರದ ಬಾರ್ಶಿ. 2020ರ ರಾಷ್ಟ್ರೀಯ ವರದಿಯಲ್ಲಿ 28 ಜನಸಂಖ್ಯಾಧಾರಿತ ನೋಂದಣಿಗಳ ಅಂಕಿಗಳಿವೆ. ಇವನ್ನು ಸಮನ್ವಯಗೊಳಿಸುವ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರ 2011ರಿಂದ ಬೆಂಗಳೂರಿನಲ್ಲಿಯೇ ಇದೆ.

ನಗರವಂತೂ ನಿಂತಲ್ಲಿ ನಿಂತಿಲ್ಲ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ 84 ಲಕ್ಷ ದಾಟಿತ್ತು. ಗಡಿ ಹಿಗ್ಗಿದಾಗಲೆಲ್ಲ ಹೊಸ ಆಸ್ಪತ್ರೆಗಳನ್ನು ಸುತ್ತುವುದರ ಜೊತೆಗೆ ಭಾಜಕವನ್ನೂ ಬದಲಿಸಬೇಕು. 2021ರ ಜನಗಣತಿ ಮುಂದಕ್ಕೆ ಹೋದ್ದರಿಂದ ಆಮೇಲಿನ ವರ್ಷಗಳ ದರಗಳನ್ನು 2011ರ ಎಣಿಕೆಯಿಂದ ಮುಂದಕ್ಕೆ ಅಂದಾಜಿಸಿದ ಜನಸಂಖ್ಯೆಯ ಮೇಲೆ ಕಟ್ಟಬೇಕಾಗಿದೆ. ಕೆಲಸ ಹುಡುಕಿಕೊಂಡು ಬಂದ ಯುವಜನರಿಂದಲೇ ತುಂಬಿದ ಹೊರವಲಯಗಳಲ್ಲಿ ಆ ಅಂದಾಜಿಗೂ ನಿಜಕ್ಕೂ ಇರುವ ಅಂತರ ನೇರವಾಗಿ ಕ್ಯಾನ್ಸರ್ ದರಕ್ಕೆ ಇಳಿಯುತ್ತದೆ.