ಮಾಡಿನ ನೀರು, ಗುಡ್ಡದ ನೀರು



ಮನೆಯ ಮಾಡಿನಿಂದ ಇಳಿಯುವ ಮಳೆನೀರನ್ನು ಹಿಡಿದಿಡಬೇಕೆಂದು ಸರಕಾರಗಳು ಕಾನೂನು ಮಾಡಿದ್ದು ಈಚಿನ ಸಂಗತಿ. ತಮಿಳುನಾಡಿನಲ್ಲಿ 2003ರಲ್ಲಿ ಸುಗ್ರೀವಾಜ್ಞೆ ಹೊರಟಿತು. ಹೊಸ ಕಟ್ಟಡಗಳಿಗಷ್ಟೇ ಅಲ್ಲ, ಮೊದಲೇ ಇದ್ದ ಕಟ್ಟಡಗಳಿಗೂ ಮಳೆಕೊಯ್ಲು ಕಡ್ಡಾಯವಾಯಿತು. ಹೊಸೂರು, ತಾಳವಾಡಿಯ ಕನ್ನಡಿಗರೂ ಆ ಆಜ್ಞೆಗೆ ಒಳಪಟ್ಟರು. ಮರುವರ್ಷ ಕೇರಳದ ಪುರಸಭಾ ಕಟ್ಟಡ ನಿಯಮಗಳಿಗೆ ತಿದ್ದುಪಡಿ ಬಂದು, ಹೊಸ ಕಟ್ಟಡದ ನಕ್ಷೆಯಲ್ಲಿ ದಂಬೆ, ಸೋಸುವ ವ್ಯವಸ್ಥೆ, ತೊಟ್ಟಿ ಸೇರಿಕೊಂಡವು.

ಆದರೆ ಕಾಸರಗೋಡಿನವರಿಗೆ ನೀರಿನ ಕಟ್ಟುಪಾಡು ಹೊಸತಲ್ಲ. ಇಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. 100 ಚದರ ಮೀಟರಿನ ಒಂದು ಮಾಡಿನ ಮೇಲೆಯೇ ಮೂರೂವರೆ ಲಕ್ಷ ಲೀಟರು ಬೀಳುತ್ತದೆ. ಹೆಚ್ಚಿನದೆಲ್ಲ ನಾಲ್ಕು ತಿಂಗಳಲ್ಲಿ ಸುರಿದು, ಇಳಿಜಾರಿನಲ್ಲಿ ಓಡಿ ಸಮುದ್ರ ಸೇರುತ್ತದೆ. ಬೇಸಗೆಯಲ್ಲಿ ಕೊಡ ಹಿಡಿದು ನಡೆಯುವ ಪಾಡು ತಪ್ಪುವುದಿಲ್ಲ.

ಇದಕ್ಕೆ ಹಿರಿಯರು ಕಂಡ ಉಪಾಯ ಸುರಂಗ. ಮುರಕಲ್ಲಿನ ಗುಡ್ಡದ ಬದಿಗೆ ಒಬ್ಬ ಆಳು ನುಗ್ಗುವಷ್ಟು ಅಗಲದಲ್ಲಿ ಅಡ್ಡವಾಗಿ ಕೊರೆಯುತ್ತಾರೆ. ಒಳಗೆ ಮೇಣದ ಬತ್ತಿ ಆರಿತೆಂದರೆ ಉಸಿರಾಡುವ ಗಾಳಿ ಸಾಲದು ಎಂದು ಲೆಕ್ಕ. ಉದ್ದದ ಸುರಂಗಗಳಿಗೆ ಮೇಲಿನಿಂದ ಗಾಳಿಗಂಡಿ ತೋಡುವುದುಂಟು. ಒಸರು ಸಿಕ್ಕಿದರೆ ನೀರು ತಾನಾಗಿ ಹರಿದು ಹೊರಬರುತ್ತದೆ. ಅದಕ್ಕೆ ಪಂಪು ಬೇಡ, ವಿದ್ಯುತ್ತು ಬೇಡ.

ತೋಡುಗಳಿಗೆ ಹಾಕುವ ಕಟ್ಟ ಇನ್ನೊಂದು. ಮಳೆ ನಿಂತ ಮೇಲೆ ಕಲ್ಲು, ಮಣ್ಣು ಹಾಕಿ ನೀರು ತಡೆಯುತ್ತಾರೆ. ಏತಡ್ಕದ ಕಡೆ ಒಂದರ ಕೆಳಗೊಂದು ಕಟ್ಟಗಳುಂಟು. ಇದು ಒಬ್ಬನ ಕೆಲಸವಲ್ಲ. ಮೇಲಿನವನು ಕಟ್ಟಿದರೆ ಕೆಳಗಿನವನ ಬಾವಿಗೂ ಒಸರು. ಆದ್ದರಿಂದ ನೆರೆಕರೆಯವರು ಕೂಡಿ ದುಡಿಯಬೇಕು. ಬರೆದಿಟ್ಟ ನಿಯಮವಿಲ್ಲದೆಯೇ ಇದು ನಡೆದುಬಂತು.

ಬಚ್ಚಲಿನ ನೀರನ್ನು ಬಾಳೆಯ, ತೆಂಗಿನ ಬುಡಕ್ಕೆ ಬಿಡುವುದಕ್ಕೂ ಯಾರ ಅಪ್ಪಣೆಯೂ ಇರಲಿಲ್ಲ. ಆಗ ಪಾತ್ರೆಗೆ ಬೂದಿ, ತಲೆಗೆ ಸೀಗೆ. ಈಗಿನ ಸಾಬೂನು ಪುಡಿಯ ನೀರನ್ನು ಹಾಗೆಯೇ ಗಿಡಕ್ಕೆ ಹಾಯಿಸುವ ಮುಂಚೆ ಯೋಚಿಸಬೇಕು.

ಇಂದು ಕೊಳವೆ ಬಾವಿಗಳು ಆಳಕ್ಕೆ ಇಳಿದಿವೆ. ಗುಡ್ಡಗಳನ್ನು ಅಗೆದು ಕಲ್ಲು ಸಾಗಿಸಿದಲ್ಲಿ ಮಳೆ ಇಂಗುವ ನೆಲವೇ ಹೋಗುತ್ತದೆ. ಒಸರು ಬತ್ತಿದ ಸುರಂಗವನ್ನು ಯಾರೂ ನೋಡಿಕೊಳ್ಳುವುದಿಲ್ಲ. ಅದನ್ನು ಕೊರೆಯುವ ವಿದ್ಯೆ ಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ಕಟ್ಟಡ ನಿಯಮ ಮಾಡಿನ ಲೆಕ್ಕ ಕೇಳುತ್ತದೆ, ಗುಡ್ಡದ ಲೆಕ್ಕ ಕೇಳುವುದಿಲ್ಲ. ಹತ್ತು ಸಾವಿರ ಲೀಟರಿನ ತೊಟ್ಟಿ ಜೂನ್ ತಿಂಗಳಲ್ಲೇ ತುಂಬಿ ಹೋಗುತ್ತದೆ. ತುಂಬಿ ಚೆಲ್ಲಿದ್ದು ಚರಂಡಿಗೆ ಹೋದರೆ ಕಾನೂನು ಪಾಲಿಸಿದ ಹಾಗಾಯಿತು, ಬಾವಿಗೆ ಏನೂ ದಕ್ಕಲಿಲ್ಲ.

ಆದ್ದರಿಂದ ತೊಟ್ಟಿಯ ಹೆಚ್ಚುವರಿ ನೀರಿಗೆ ಹಿತ್ತಿಲಲ್ಲಿ ಒಂದು ಇಂಗುಗುಂಡಿ ತೋಡಿ. ನಿಮ್ಮ ಜಾಗದಲ್ಲಿ ಹಳೆಯ ಸುರಂಗವಿದ್ದರೆ, ಅದರ ಬಾಯಿ ಮುಚ್ಚುವ ಮೊದಲು ಮನೆಯ ಹಿರಿಯರಲ್ಲಿ ಒಂದು ಮಾತು ಕೇಳಿ.