ಹರ್ಡೇಕರ ಮಂಜಪ್ಪ: ಪತ್ರಿಕಾವೃತ್ತಿ

ಹರ್ಡೇಕರ ಮಂಜಪ್ಪ (1886–1947): ಕನ್ನಡ ಪತ್ರಕರ್ತ, ಧರ್ಮ ಮತ್ತು ನೀತಿ ವಿಷಯಗಳ ಲೇಖಕ, ಗಾಂಧಿವಾದಿ. ‘ಕರ್ನಾಟಕದ ಗಾಂಧಿ’ ಎಂದು ಹೆಸರಾದವರು. ಹುಟ್ಟಿದ್ದು ಉತ್ತರ ಕನ್ನಡದ ಬನವಾಸಿಯ ಬಡ ಕುಟುಂಬದಲ್ಲಿ. ಆಗಿನ ಶಾಲಾ ಓದಿನ ಕೊನೆಯ ಹಂತವಾದ ಮುಲ್ಕಿ ಪರೀಕ್ಷೆ ಮುಗಿಸಿ ಶಿರಸಿಯಲ್ಲಿ ಶಾಲಾ ಮಾಸ್ತರರಾದರು. ಬಂಗಾಳ ವಿಭಜನೆಯ ಬೆನ್ನಿಗೆ ಎದ್ದ ಸ್ವದೇಶಿ ಚಳವಳಿ ಅವರನ್ನು ಆ ನೌಕರಿಯಲ್ಲಿ ನಿಲ್ಲಗೊಡಲಿಲ್ಲ. ರಾಜೀನಾಮೆ ಕೊಟ್ಟು ಅಣ್ಣನೊಂದಿಗೆ ದಾವಣಗೆರೆ ಸೇರಿ, 1906ರಲ್ಲಿ ‘ಧನುರ್ಧಾರಿ’ ವಾರಪತ್ರಿಕೆ ಹೊರಡಿಸಿದರು. ಆಗ ವಯಸ್ಸು ಇಪ್ಪತ್ತು.

ಲೋಕಮಾನ್ಯ ತಿಲಕರ ಮರಾಠಿ ಪತ್ರಿಕೆ ‘ಕೇಸರಿ’ಯ ವಿಚಾರಗಳು ‘ಧನುರ್ಧಾರಿ’ಯ ಮೂಲಕ ಕನ್ನಡದ ಓದುಗರನ್ನು ತಲುಪಿದವು. 1908ರಲ್ಲಿ, ದಾವಣಗೆರೆ ಸೇರಿದ್ದ ಮೈಸೂರು ಸಂಸ್ಥಾನ ಪತ್ರಿಕಾ ಕಾನೂನು ತಂದು ಸಂಪಾದಕರ ಕೈ ಕಟ್ಟಿತು. ಅಂಥ ದಿನಗಳಲ್ಲೂ ಪತ್ರಿಕೆ ಸುಮಾರು ಹತ್ತು ವರ್ಷ ನಡೆಯಿತು.

ಈ ಅವಧಿಯಲ್ಲೇ ಅವರ ಒಲವು ಧರ್ಮದ ಕಡೆ ತಿರುಗಿತು. ಆಜೀವ ಬ್ರಹ್ಮಚರ್ಯ ಕೈಗೊಂಡರು. ದಾವಣಗೆರೆಯ ವಿರಕ್ತಮಠದಲ್ಲಿ ಮೃತ್ಯುಂಜಯ ಸ್ವಾಮಿಗಳ ಜೊತೆಗೂಡಿ ಶ್ರಾವಣದ ಭಜನೆ ಆರಂಭಿಸಿದರು. 1913ರಲ್ಲಿ ಅದೇ ಮಠದಲ್ಲಿ ಬಸವ ಜಯಂತಿ ಆಚರಿಸಿದರು. ಬಸವಣ್ಣನವರನ್ನು ಪೂಜೆಯ ಮೂರ್ತಿಯಾಗಿ ಅಷ್ಟೇ ಕಾಣದೆ, ಕಾಯಕ ಮಾಡಿ ಉಣ್ಣಬೇಕೆಂದು ಕಲಿಸಿದ ಸಮಾಜ ಸುಧಾರಕನಾಗಿ ಜನರ ಮುಂದಿಟ್ಟದ್ದು ಅವರ ದೊಡ್ಡ ಕೆಲಸ. ಇಂದು ಊರೂರುಗಳಲ್ಲಿ ನಡೆಯುವ ಸಾರ್ವಜನಿಕ ಬಸವ ಜಯಂತಿಯ ಬೇರು ಅಲ್ಲಿದೆ.

ಗಾಂಧೀಜಿಯ ಪ್ರಭಾವಕ್ಕೆ ಒಳಗಾದ ಮೇಲೆ ಅವರಿಗೆ ಬಸವಣ್ಣನವರ ಶರಣಧರ್ಮವೂ ಸತ್ಯಾಗ್ರಹವೂ ಒಂದೇ ದಾರಿಯಾಗಿ ಕಂಡವು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ವೇಳೆಗೆ ಬಸವಣ್ಣನವರ ವಿಚಾರವನ್ನು ಗಾಂಧೀಜಿಗೆ ಪರಿಚಯಿಸಲು ಶ್ರಮಿಸಿದರು. 1927ರಲ್ಲಿ ಕೃಷ್ಣೆಯ ದಂಡೆಯ ಆಲಮಟ್ಟಿಯಲ್ಲಿ ವಿದ್ಯಾಲಯ ಕಟ್ಟಿದರು. ಅಲ್ಲಿ ಓದಿನಷ್ಟೇ ಮಹತ್ವ ನೂಲುವುದಕ್ಕೂ ಮೈಮುರಿದು ದುಡಿಯುವುದಕ್ಕೂ ಇತ್ತು.

‘ಖಾದಿ ವಿಜಯ’, ‘ಉದ್ಯೋಗ’, ‘ಶರಣ ಸಂದೇಶ’ ಅವರ ನಂತರದ ಪತ್ರಿಕೆಗಳು. ಧರ್ಮಕ್ಕೆ ತಿರುಗಿದವರು ಲೋಕದ ಸುದ್ದಿ ಬಿಡುತ್ತಾರೆಂಬ ಮಾತು ಅವರ ಮಟ್ಟಿಗೆ ಸುಳ್ಳು. ಸ್ವದೇಶಿ, ಸ್ತ್ರೀಶಿಕ್ಷಣ, ಅಸ್ಪೃಶ್ಯತೆ, ಗ್ರಾಮೋದ್ಯೋಗ ಎಲ್ಲವನ್ನೂ ನೀತಿಯ ಪ್ರಶ್ನೆಗಳಾಗಿ, ಹಳ್ಳಿಯವರಿಗೆ ತಿಳಿಯುವ ಸರಳ ಕನ್ನಡದಲ್ಲಿ ಬರೆದರು. ಕನ್ನಡ ಪತ್ರಿಕೋದ್ಯಮದ ಚರಿತ್ರೆ ಅವರಿಗೆ ಇನ್ನೂ ತಕ್ಕ ಜಾಗ ಕೊಟ್ಟಿಲ್ಲ.

1947ರ ಜನವರಿ 3ರಂದು, ಸ್ವಾತಂತ್ರ್ಯಕ್ಕೆ ಏಳು ತಿಂಗಳು ಮೊದಲು, ಅವರು ತೀರಿಕೊಂಡರು. ಸಮಾಧಿ ಆಲಮಟ್ಟಿಯಲ್ಲಿದೆ.