ಬೆನಗಲ್ ನರಸಿಂಗರಾಯರ ರಾಯಭಾರ

ಕಾಪುವಿನ ಮೇಲಣ ಹೆದ್ದಾರಿಯಲ್ಲಿ ಉತ್ತರಕ್ಕೆ ನಡೆದು ಉಡುಪಿಯನ್ನು ದಾಟಿದರೆ, ಬ್ರಹ್ಮಾವರದ ಕಡೆಯಲ್ಲಿ ಬೆನಗಲ್ ಎಂಬ ಗ್ರಾಮವಿದೆ. ಆ ಊರಿನ ಹೆಸರನ್ನು ಮನೆತನದ ಹೆಸರಾಗಿ ಉಳ್ಳ ನರಸಿಂಗರಾಯರು (1887–1953) ನಮ್ಮ ವಿದ್ಯಾರ್ಥಿಗಳಿಗೆ ಸಂವಿಧಾನಸಭೆಯ ಸಲಹೆಗಾರರೆಂದು ಪರಿಚಿತರು; ಅದೂ ಪರೀಕ್ಷೆಗೆ ಬೇಕಾದಷ್ಟು ಮಾತ್ರ. ಅವರ ರಾಯಭಾರದ ವರ್ಷಗಳು ತರಗತಿಗಳಲ್ಲಿ ಅಷ್ಟಾಗಿ ವಿಚಾರಕ್ಕೆ ಬರುವುದಿಲ್ಲ. ಸಂವಿಧಾನದ ಮೊದಲ ಕರಡನ್ನು ಬರೆದ ಕೈಯೇ ಕೊರಿಯದ ಯುದ್ಧವನ್ನು ನಿಲ್ಲಿಸುವ ಯತ್ನದಲ್ಲಿಯೂ ತೊಡಗಿತ್ತೆಂಬುದನ್ನೂ, ಆ ಕೈಯ ಬಲ ಮತ್ತು ಮಿತಿ ಎರಡೂ ಅಲ್ಲಿ ಕಾಣಬರುತ್ತವೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

ಮಂಗಳೂರಿನ ಕೆನರಾ ಹೈಸ್ಕೂಲು, ಮದರಾಸು, ಕೇಂಬ್ರಿಜಿನ ಟ್ರಿನಿಟಿ ಕಾಲೇಜು, ತರುವಾಯ ಐ.ಸಿ.ಎಸ್.: ಇದು ಆ ಪೀಳಿಗೆಯ ಪ್ರತಿಭಾವಂತರು ಹಿಡಿದ ದಾರಿಯೇ. ಬಂಗಾಳ ಅಸ್ಸಾಮುಗಳಲ್ಲಿ ಅಧಿಕಾರ, ಕಲ್ಕತ್ತೆಯ ಹೈಕೋರ್ಟಿನಲ್ಲಿ ನ್ಯಾಯಾಧೀಶಪದವಿ, ಕಾಶ್ಮೀರದಲ್ಲಿ ಅಲ್ಪಕಾಲದ ಪ್ರಧಾನಮಂತ್ರಿತ್ವ. ಇವುಗಳಲ್ಲಿ ರಾಯಭಾರದ ಶಿಕ್ಷಣವೆಂಬುದು ಇಲ್ಲ. ಆ ಅನುಭವವು ಅವರ ತಮ್ಮ ರಾಮರಾಯರಿಗೆ ಮೊದಲೇ ಒದಗಿತ್ತು. ಮಹಾಯುದ್ಧವು ಆರಂಭವಾದಾಗ ರಾಮರಾಯರು ದಕ್ಷಿಣ ಆಫ್ರಿಕದಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. ಅಣ್ಣನಾದರೋ ಮೂಲತಃ ಶಾಸನಗಳ ಕರಡುಗಾರರು.

1947ರ ಕೊನೆಯ ತಿಂಗಳುಗಳಲ್ಲಿ ಅವರು ಅಮೆರಿಕ, ಕೆನಡ, ಐರ್ಲೆಂಡ್, ಇಂಗ್ಲೆಂಡುಗಳನ್ನು ಸಂದರ್ಶಿಸಿದುದನ್ನು ಅವರ ರಾಯಭಾರದ ಪೀಠಿಕೆಯೆಂದು ಎಣಿಸಬಹುದು. ಡಬ್ಲಿನ್ನಿನಲ್ಲಿ ಡಿ ವೆಲೆರಾ ಅವರನ್ನು ಕಂಡರು. ಐರ್ಲೆಂಡಿನ 1937ರ ಸಂವಿಧಾನದ 45ನೆಯ ವಿಧಿಯು ಸಾಮಾಜಿಕ ನೀತಿಯ ನಿರ್ದೇಶಕ ತತ್ತ್ವಗಳನ್ನು ಹೇಳಿ, ಅವನ್ನು ನ್ಯಾಯಾಲಯಗಳ ವಿಚಾರಣೆಯಿಂದ ಹೊರಗಿರಿಸಿತ್ತು. ನಮ್ಮ ಸಂವಿಧಾನದ 4ನೆಯ ಭಾಗಕ್ಕೆ ಇದೇ ಮೇಲ್ಪಂಕ್ತಿ. ಅನ್ಯರ ಅನುಭವವನ್ನು ಕೇಳಿ, ತೂಗಿ, ಬಳಿಕ ಪದವನ್ನು ಇಡುವುದು ರಾಯರ ಕ್ರಮವಾಗಿತ್ತು.

1950ರ ಜೂನಿನಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆಯ ಭದ್ರತಾ ಸಮಿತಿಯ ಅಧ್ಯಕ್ಷತೆಯು ಸರದಿಯಂತೆ ಭಾರತಕ್ಕೆ ಬಂದಿತ್ತು, ಪೀಠದಲ್ಲಿದ್ದವರು ರಾಯರು. ಉತ್ತರ ಕೊರಿಯದ ಸೈನ್ಯವು 38ನೆಯ ಅಕ್ಷಾಂಶವನ್ನು ದಾಟಿದ ವಾರ್ತೆ ಬಂದು, 25ರ ಭಾನುವಾರ ನ್ಯೂಯಾರ್ಕಿನ ಸಮೀಪದ ಲೇಕ್ ಸಕ್ಸೆಸಿನಲ್ಲಿ ಸಭೆ ಸೇರಿತು. ಚೀನದ ಪ್ರಾತಿನಿಧ್ಯದ ವಿವಾದದಿಂದಾಗಿ ಸೋವಿಯತ್ ಪ್ರತಿನಿಧಿಯು ಜನವರಿಯಿಂದಲೇ ಸಭೆಗೆ ಬರುತ್ತಿರಲಿಲ್ಲ. ಕಾದಾಟ ನಿಲ್ಲಲಿ, ಸೈನ್ಯ ಹಿಂದೆ ಸರಿಯಲಿ ಎಂಬ ನಿರ್ಣಯಕ್ಕೆ ಒಂಬತ್ತು ಮತಗಳು ದೊರೆತವು. ಅವುಗಳಲ್ಲಿ ರಾಯರದೂ ಒಂದು. ಎರಡು ದಿನಗಳ ಮೇಲೆ ದಕ್ಷಿಣ ಕೊರಿಯಕ್ಕೆ ನೆರವು ನೀಡಬೇಕೆಂಬ ಎರಡನೆಯ ನಿರ್ಣಯವು ಬಂದಾಗ ದೆಹಲಿಯ ಆದೇಶ ತಲುಪಿರಲಿಲ್ಲ. ಅಧ್ಯಕ್ಷರಾಗಿದ್ದೂ ರಾಯರು ಮತದಾನದಲ್ಲಿ ಭಾಗವಹಿಸಲಿಲ್ಲ. ಈಜಿಪ್ಟಿನ ಪ್ರತಿನಿಧಿಯೂ ಹಾಗೆಯೇ ಮಾಡಿದರು. ಹನ್ನೊಂದು ಸದಸ್ಯರ ಸಮಿತಿಯಲ್ಲಿ ಆಗ ಏಳು ಮತಗಳು ಅವಶ್ಯ. ಸರಿಯಾಗಿ ಏಳೇ ಬಂದವು. 29ರಂದು ಭಾರತವು ನಿರ್ಣಯವನ್ನು ಒಪ್ಪಿತು. ಕಾದುವ ಪಡೆಯನ್ನು ಕಳುಹಿಸದೆ ವೈದ್ಯಕೀಯ ದಳವೊಂದನ್ನು ಕಳುಹಿಸಿತು.

ಆ ದಿನದ ಮೌನವನ್ನು ಹಿಂಜರಿಕೆಯೆಂದು ಕರೆಯುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಮೊದಲನೆಯ ನಿರ್ಣಯದಲ್ಲಿ ನಡೆದ ಸಂಗತಿ ಇಂಥದೆಂದು ನಿಶ್ಚಯಿಸಬೇಕಾಗಿತ್ತು. ಅದಕ್ಕೆ ನ್ಯಾಯಾಧೀಶನ ವಿವೇಚನೆ ಸಾಕು. ಎರಡನೆಯದು ದೇಶವನ್ನು ಯುದ್ಧದ ಒಂದು ಪಕ್ಷಕ್ಕೆ ಕಟ್ಟುವಂಥದು. ಅದಕ್ಕೆ ಸರ್ಕಾರದ ಅಧಿಕಾರ ಬೇಕು. ಅದನ್ನು ಪ್ರತಿನಿಧಿಯು ತಾನಾಗಿ ಆರೋಪಿಸಿಕೊಳ್ಳುವಂತಿಲ್ಲ.

ಅವರ ಮಿತಿಯು ಕಾಣುವುದು ಚಳಿಗಾಲದಲ್ಲಿ. ಚೀನದ ಸೈನ್ಯವು ಕೊರಿಯವನ್ನು ಪ್ರವೇಶಿಸಿದ ಮೇಲೆ, ಡಿಸೆಂಬರ್ 14ರ ನಿರ್ಣಯದಂತೆ, ಕದನವಿರಾಮದ ಆಧಾರವನ್ನು ಹುಡುಕುವ ಕಾರ್ಯ ಮೂವರಿಗೆ ಬಿದ್ದಿತು: ಇರಾನಿನ ಎಂತೆಜಾಂ, ಕೆನಡದ ಪಿಯರ್ಸನ್ ಮತ್ತು ರಾಯರು. ಉಭಯಪಕ್ಷಗಳಿಗೂ ಸಮ್ಮತವಾಗುವ ವಾಕ್ಯವು ದೊರೆತೀತೆಂಬ ಕರಡುಗಾರನ ನಂಬಿಕೆ ಇಲ್ಲಿ ಫಲಿಸಲಿಲ್ಲ. ರಣರಂಗದಲ್ಲಿ ಮುಂದೊತ್ತುತ್ತಿದ್ದ ಪೀಕಿಂಗ್ ಸರ್ಕಾರಕ್ಕೆ ವಾಕ್ಯದ ಅವಸರವಿರಲಿಲ್ಲ. 1951ರ ಫೆಬ್ರವರಿ 1ರಂದು ಮಹಾಸಭೆಯು ಚೀನವನ್ನು ಆಕ್ರಮಣಕಾರಿಯೆಂದು ಘೋಷಿಸಿತು. ಸಂಧಾನದ ಬಾಗಿಲು ಮುಚ್ಚುವುದೆಂಬ ಕಾರಣದಿಂದ ಭಾರತವು ವಿರುದ್ಧವಾಗಿ ಮತ ನೀಡಿತು. ಸೋವಿಯತ್ ಬಣದ ಹೊರಗೆ ಅದರ ಜೊತೆಗಿದ್ದುದು ಬರ್ಮಾ ಒಂದೇ.

1952ರಲ್ಲಿ ರಾಯರು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ನ್ಯಾಯಾಧೀಶರಾಗಿ ತೆರಳಿದರು. ಅವರ ಪ್ರಕೃತಿಗೆ ಒಪ್ಪುವ ಪೀಠವದು. ಆದರೆ ಎರಡು ವರ್ಷವೂ ತುಂಬಲಿಲ್ಲ. 1953ರ ನವೆಂಬರ್ 30ರಂದು ಜೂರಿಚ್ಚಿನಲ್ಲಿ ನಿಧನರಾದರು. ಕೊರಿಯದಲ್ಲಿ ಕದನವಿರಾಮವಾಗಿ ಆಗ ನಾಲ್ಕು ತಿಂಗಳು. ಯುದ್ಧಕೈದಿಗಳ ವಿಚಾರಕ್ಕಾಗಿ ನೇಮಿಸಿದ ತಟಸ್ಥರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಕೊಡಗಿನ ಜನರಲ್ ತಿಮ್ಮಯ್ಯನವರು ಅಲ್ಲಿದ್ದರು.